ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳಲು ಏಜೆನ್ಸಿಯವರೋ, ನಾವೇ ಹುಡುಕಿಕೊಂಡವರೋ?

ಡಾಕ್ಟರು "ನಾಳೆ ಮನೆಗೆ ಕರ್ಕೊಂಡು ಹೋಗಬಹುದು" ಅಂದ ಕೂಡಲೇ ಮನಸ್ಸು ಹಗುರಾಗುತ್ತದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಭಯ ಶುರುವಾಗುತ್ತದೆ. ಮನೆಯಲ್ಲಿ ಯಾರು ನೋಡಿಕೊಳ್ಳುವುದು? ರಾತ್ರಿ ಯಾರು ಎದ್ದಿರುವುದು?

ನಮ್ಮ ಅಮ್ಮನಿಗೆ ಸ್ಟ್ರೋಕ್ ಆದಾಗ ನನಗೂ ಹೀಗೇ ಆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಊಟಕ್ಕೆ ಮೂಗಿನಲ್ಲಿ ಪೈಪು ಹಾಕಿದ್ದರು. ವಾರ್ಡಿನ ಹೊರಗೆ ಯಾರೋ ಕೈಗೆ ಕೊಟ್ಟ ಕಾರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಿ, ಏನನ್ನೂ ಕೇಳದೆ ದುಡ್ಡು ಕಳಿಸಿಬಿಟ್ಟೆ. ಒಂದೇ ತಿಂಗಳಲ್ಲಿ ನಾಲ್ಕು ಜನ ಬದಲಾದರು. ಒಂದು ಸೋಮವಾರ ಬೆಳಿಗ್ಗೆ ಯಾರೂ ಬರಲಿಲ್ಲ, ಏಜೆನ್ಸಿಯವರು ಮಧ್ಯಾಹ್ನದವರೆಗೆ ಫೋನ್ ಎತ್ತಲಿಲ್ಲ. ಆಮೇಲೆ ಪರಿಚಯದವರ ಕಡೆಯಿಂದ ಒಬ್ಬ ಅಕ್ಕ ಸಿಕ್ಕರು. ಎರಡೂವರೆ ವರ್ಷ ನಮ್ಮ ಜೊತೆ ಇದ್ದರು. ಹಾಗಂತ ಏಜೆನ್ಸಿಗಳೆಲ್ಲ ಕೆಟ್ಟವು ಎಂದು ನಾನು ಹೇಳುವುದಿಲ್ಲ. ಆ ಅಕ್ಕ ಮಗಳ ಬಾಣಂತನಕ್ಕೆ ಊರಿಗೆ ಹೋದಾಗ ನಮ್ಮ ಕೈ ಹಿಡಿದಿದ್ದು ಇನ್ನೊಂದು ಏಜೆನ್ಸಿಯೇ.

ಇಷ್ಟು ದಿನದಲ್ಲಿ ನಾನು ಕಲಿತ ಮುಖ್ಯ ವಿಷಯ ಇದು. ಯಾರನ್ನೇ ಇಟ್ಟುಕೊಳ್ಳಿ, ಮೊದಲು ಎರಡು ಪ್ರಶ್ನೆಗೆ ಉತ್ತರ ಹುಡುಕಿ. ನಾಳೆ ಬೆಳಿಗ್ಗೆ ಅವರು ಬರದಿದ್ದರೆ ಯಾರು ಬರುತ್ತಾರೆ? ಅವರು ಮಾಡುವ ಕೆಲಸ ಸರಿಯಾಗಿದೆಯಾ ಅಂತ ಯಾರು ನೋಡುತ್ತಾರೆ? ಏಜೆನ್ಸಿಗೆ ಜಾಸ್ತಿ ದುಡ್ಡು ಕೊಡುವುದು ಈ ಎರಡಕ್ಕಾಗಿ. ಅವೆರಡೂ ಅಲ್ಲಿ ಸಿಗುವುದಿಲ್ಲ ಅಂದರೆ ಆ ದುಡ್ಡು ದಂಡ. ನೀವೇ ಹುಡುಕಿದವರನ್ನು ಇಟ್ಟುಕೊಂಡರೆ ಆ ಎರಡೂ ಕೆಲಸ ನಿಮ್ಮ ತಲೆ ಮೇಲೆ ಬರುತ್ತವೆ. ಮುಂದಿನ ಹೆಜ್ಜೆಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿವೆ.

ಮೊದಲ ಹೆಜ್ಜೆ: ಒಂದು ದಿನವನ್ನು ಪೂರ್ತಿ ಬರೆಯಿರಿ

ಫೋನ್ ಮಾಡುವ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಬೆಳಿಗ್ಗೆ 6ರಿಂದ ಮರುದಿನ ಬೆಳಿಗ್ಗೆ 6ರವರೆಗೆ ನಿಮ್ಮ ಅಪ್ಪನಿಗೋ ಅತ್ತೆಗೋ ಯಾವ ಹೊತ್ತಿಗೆ ಏನು ಬೇಕು ಎಂದು ಬರೆಯಿರಿ. ಹಲ್ಲುಜ್ಜಿಸುವುದು, ಡೈಪರ್ ಬದಲಿಸುವುದು, ಮೈ ಒರೆಸುವುದು, ಮಾತ್ರೆ, ಊಟ, ಮಗ್ಗುಲು ಬದಲಿಸುವುದು, ಗಾಲಿಕುರ್ಚಿಯಲ್ಲಿ ಕೂರಿಸುವುದು, ಫಿಸಿಯೋಥೆರಪಿ. ರಾತ್ರಿ ಎಷ್ಟು ಸಲ ಏಳುತ್ತಾರೆ ಎನ್ನುವುದನ್ನು ಮರೆಯದೆ ಬರೆಯಿರಿ. ನಾವು ತಪ್ಪಿದ್ದು ಅಲ್ಲೇ.

ಈಗ ಆ ಪಟ್ಟಿಯನ್ನು ಎರಡು ಭಾಗ ಮಾಡಿ. ಸ್ನಾನ, ಊಟ, ಶೌಚ, ಎಬ್ಬಿಸುವುದು, ನಡೆಸುವುದು, ಜೊತೆಗಿರುವುದು ಒಂದು ಕಡೆ. ಇವಕ್ಕೆ ಅಟೆಂಡರ್ ಸಾಕು. ಇಂಜೆಕ್ಷನ್, ಡ್ರಿಪ್, ಗಾಯದ ಡ್ರೆಸ್ಸಿಂಗ್, ಮೂತ್ರದ ಪೈಪ್ ಬದಲಿಸುವುದು, ಮೂಗಿನ ಪೈಪ್ ಹಾಕುವುದು, ಗಂಟಲಲ್ಲಿ ಟ್ಯೂಬ್ ಇದ್ದರೆ ಕಫ ತೆಗೆಯುವುದು ಇನ್ನೊಂದು ಕಡೆ. ಇವು ನರ್ಸಿಂಗ್ ಕೆಲಸ. ಈಗಾಗಲೇ ಇರುವ ಮೂಗಿನ ಪೈಪಿನಲ್ಲಿ ಗಂಜಿ, ಹಾಲು ಹಾಕುವುದನ್ನು ಅಟೆಂಡರ್ ಕಲಿಯಬಹುದು, ಮನೆಯವರೂ ಕಲಿಯಬಹುದು. ಆದರೆ ಕಿತ್ತುಬಂದ ಪೈಪನ್ನು ಮತ್ತೆ ಹಾಕಲು ಅವರನ್ನು ಬಿಡಬೇಡಿ.

ಹೆಸರುಗಳಲ್ಲಿ ಇರುವ ಗೊಂದಲ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಮಂಗಳೂರು, ಉಡುಪಿ ಕಡೆ ಮನೆಗೆ ಬಂದು ನೋಡಿಕೊಳ್ಳುವವರನ್ನೆಲ್ಲ "ಹೋಮ್ ನರ್ಸ್" ಅನ್ನುತ್ತಾರೆ. ಅವರಲ್ಲಿ ಅನೇಕರು ನರ್ಸಿಂಗ್ ಓದಿದವರಲ್ಲ, ಅನುಭವದಿಂದ ಕಲಿತವರು. ಬೆಂಗಳೂರಿನಲ್ಲಿ ಅಟೆಂಡರ್, ಆಯಾ, ಕೇರ್‌ಟೇಕರ್ ಎಂಬ ಮಾತು ಹೆಚ್ಚು. ಓದಿದ ನರ್ಸ್ ಅಂದರೆ ಎರಡು ವರ್ಷದ ಎಎನ್‌ಎಂ, ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮಾಡಿದವರು. ಅವರಿಗೆ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಇರುತ್ತದೆ. ಏಜೆನ್ಸಿ "ನರ್ಸ್ ಕಳಿಸ್ತೀವಿ" ಅಂದು ನರ್ಸಿನ ದರ ಕೇಳಿದರೆ ಆ ಸಂಖ್ಯೆಯನ್ನು ಕೇಳಿ ಪಡೆಯಿರಿ. ಕೇಳಲು ಸಂಕೋಚ ಬೇಡ. ನಿಜವಾದ ನರ್ಸ್‌ಗೆ ಇದರಿಂದ ಬೇಜಾರಾಗುವುದಿಲ್ಲ.

ಪಟ್ಟಿ ನೋಡಿದರೆ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ನರ್ಸಿಂಗ್ ಕೆಲಸ ತಿಂಗಳಿಗೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಮಾತ್ರ ಇದ್ದರೆ ದಿನವಿಡೀ ನರ್ಸ್ ಇಟ್ಟುಕೊಳ್ಳುವ ಅಗತ್ಯ ಇಲ್ಲ. ದಿನದ ಆರೈಕೆಗೆ ಅಟೆಂಡರ್, ಪೈಪ್ ಬದಲಿಸಲು ಮಾತ್ರ ಒಂದು ಸಲಕ್ಕೆ ಬಂದು ಹೋಗುವ ನರ್ಸ್. ನಾವು ಕೊನೆಗೆ ಹಾಗೇ ಮಾಡಿಕೊಂಡೆವು. ಖರ್ಚು ತುಂಬಾ ಇಳಿಯಿತು.

ಎರಡನೇ ಹೆಜ್ಜೆ: 12 ಗಂಟೆಯೋ, 24 ಗಂಟೆಯೋ

ಹಗಲು 12 ಗಂಟೆ, ರಾತ್ರಿ 12 ಗಂಟೆ, ಮನೆಯಲ್ಲೇ ಉಳಿಯುವ 24 ಗಂಟೆ ಎಂದು ಮೂರು ಬಗೆ. "24 ಗಂಟೆ" ಎಂಬ ಮಾತನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಅದು ಮನೆಯಲ್ಲೇ ಇರುತ್ತಾರೆ ಎಂದು ಮಾತ್ರ. ಆ ಮನುಷ್ಯರೂ ಮಲಗಬೇಕು, ಸ್ನಾನ ಮಾಡಬೇಕು, ನೆಮ್ಮದಿಯಾಗಿ ಊಟ ಮಾಡಬೇಕು. ರೋಗಿ ರಾತ್ರಿ ಒಂದೆರಡು ಸಲ ಎದ್ದರೆ ಒಬ್ಬರೇ ನಿಭಾಯಿಸುತ್ತಾರೆ. ಐದಾರು ಸಲ ಎದ್ದರೆ ಯಾರಿಗೂ ಆಗುವುದಿಲ್ಲ. ವಾರದೊಳಗೆ ಅವರು ಕೆಲಸ ಬಿಟ್ಟು ಹೋಗುತ್ತಾರೆ, ಇಲ್ಲವೇ ಹಗಲಲ್ಲಿ ತೂಕಡಿಸುತ್ತಾರೆ. ನಮ್ಮ ಮನೆಗೆ ಬಂದ ಮೊದಲ ಇಬ್ಬರು ಹೋಗಿದ್ದು ಇದೇ ಕಾರಣಕ್ಕೆ. ತಪ್ಪು ಅವರದ್ದಾಗಿರಲಿಲ್ಲ. ಅಮ್ಮ ರಾತ್ರಿ ಮಲಗುವುದಿಲ್ಲ ಎಂಬ ವಿಷಯವನ್ನು ನಾನು ಮೊದಲೇ ಹೇಳಿರಲಿಲ್ಲ.

ಮೂರನೇ ಹೆಜ್ಜೆ: ಏಜೆನ್ಸಿ ಯಾವ ಬಗೆಯದು ಎಂದು ತಿಳಿಯಿರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಹೆಚ್ಚು ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ನಮ್ಮಲ್ಲಿ ಏಜೆನ್ಸಿ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ವ್ಯವಹಾರಗಳಿವೆ. ಒಂದು ಬಗೆಯವರು ಜನರನ್ನು ತೋರಿಸಿ ಕೊಡುತ್ತಾರೆ, ಅಷ್ಟೇ. ನೋಂದಣಿ ಶುಲ್ಕ, ಕಮಿಷನ್ ತೆಗೆದುಕೊಳ್ಳುತ್ತಾರೆ. ಸಂಬಳವನ್ನು ನೀವೇ ಕೊಡಬೇಕು, ಕೆಲಸವನ್ನೂ ನೀವೇ ನೋಡಬೇಕು. ಹಳೆಯ ಕಾಲದ ದಲ್ಲಾಳಿ ಕೆಲಸ ಇದು. ಇನ್ನೊಂದು ಬಗೆಯವರು ನೋಡಿಕೊಳ್ಳುವವರನ್ನು ತಮ್ಮ ನೌಕರರಾಗಿ ಇಟ್ಟುಕೊಂಡು ತಾವೇ ಸಂಬಳ ಕೊಡುತ್ತಾರೆ. ಮೇಲ್ವಿಚಾರಣೆಗೆ ಒಬ್ಬ ನರ್ಸ್ ಆಗಾಗ ಮನೆಗೆ ಬರುತ್ತಾರೆ. ರಜೆ ಹಾಕಿದರೆ ಬದಲಿ ಕಳಿಸುತ್ತಾರೆ.

ಎರಡೂ ಬಗೆಯವರ ಜಾಹೀರಾತು ಒಂದೇ ಥರ ಇರುತ್ತದೆ. ಎರಡನೇ ಬಗೆಯ ದರ ಕೇಳಿ ಮೊದಲನೇ ಬಗೆಯ ಕೆಲಸ ಮಾಡುವವರೂ ಇದ್ದಾರೆ. ಆದ್ದರಿಂದ ಫೋನಿನಲ್ಲಿ ನೇರವಾಗಿ ಕೇಳಿ:

"ಸಂಬಳ ನೀವು ಕೊಡ್ತೀರೋ, ನಾವು ಕೊಡಬೇಕೋ?"

"ಬೆಳಿಗ್ಗೆ ಬರದಿದ್ದರೆ ಎಷ್ಟು ಗಂಟೆಯೊಳಗೆ ಬದಲಿ ಕಳಿಸ್ತೀರಿ? ಕಳಿಸದಿದ್ದರೆ ಆ ದಿನದ ದುಡ್ಡು ಹಿಡಿದುಕೊಳ್ಳಬಹುದಾ?"

"ಮೇಲ್ವಿಚಾರಕರು ಮನೆಗೆ ಯಾವಾಗ ಬರ್ತಾರೆ? ಅವರು ನರ್ಸಿಂಗ್ ಓದಿದವರಾ?"

"ನಾವು ಕೊಡೋ ದುಡ್ಡಿನಲ್ಲಿ ಕೆಲಸ ಮಾಡೋರ ಕೈಗೆ ಎಷ್ಟು ಹೋಗುತ್ತೆ?"

ಕೊನೆಯ ಪ್ರಶ್ನೆಗೆ ಕೆಲವರು ಉತ್ತರ ಕೊಡುವುದಿಲ್ಲ. ಆದರೂ ಕೇಳಿ. ನೀವು ಕೊಡುವ ದುಡ್ಡಿನಲ್ಲಿ ಅರ್ಧವೂ ಅವರ ಕೈ ಸೇರದಿದ್ದರೆ ಅವರು ನಿಮ್ಮ ಮನೆಯಲ್ಲಿ ಜಾಸ್ತಿ ದಿನ ನಿಲ್ಲುವುದಿಲ್ಲ. ಇಎಸ್‌ಐ (ನೌಕರರ ಚಿಕಿತ್ಸೆಗೆ ಇರುವ ಸರ್ಕಾರಿ ವಿಮೆ) ಮತ್ತು ಪಿಎಫ್ ಇದೆಯಾ ಅಂತಲೂ ಕೇಳಿ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದ ನೌಕರರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಭಾರ ಇರುವವರನ್ನು ಎತ್ತಿ ಇಳಿಸುವಾಗ ಸೊಂಟ ಹಿಡಿಯುವುದು ಈ ಕೆಲಸದಲ್ಲಿ ಇದ್ದದ್ದೇ. ಅವರ ಚಿಕಿತ್ಸೆಯ ಖರ್ಚು ಯಾರು ನೋಡುತ್ತಾರೆ ಎನ್ನುವುದು ನಿಮಗೂ ಸಂಬಂಧಪಟ್ಟ ವಿಷಯ.

ಮುಂಗಡ ಜಾಸ್ತಿ ಕೇಳಿದರೆ ಕೊಡಬೇಡಿ. ಒಂದು ವಾರದ್ದು ಕೊಟ್ಟು ನೋಡಿ. ರಸೀದಿ ಕೊಡದವರ ಜೊತೆ ವ್ಯವಹಾರವೇ ಬೇಡ. ಮಧ್ಯದಲ್ಲಿ ನಿಲ್ಲಿಸಿದರೆ ಉಳಿದ ದುಡ್ಡು ವಾಪಸ್ ಬರುತ್ತದಾ ಎಂದು ಬರಹದಲ್ಲಿ ಪಡೆಯಿರಿ. ವಾಟ್ಸಾಪ್ ಮೆಸೇಜ್ ಇದ್ದರೂ ಆಯಿತು.

ನಾಲ್ಕನೇ ಹೆಜ್ಜೆ: ನೀವೇ ಹುಡುಕುವುದಾದರೆ

ಒಳ್ಳೆಯವರು ಸಿಗುವುದು ಬಾಯಿಮಾತಿನಿಂದಲೇ. ಆಸ್ಪತ್ರೆಯ ಆಯಾ, ಮನೆಗೆ ಬರುವ ಫಿಸಿಯೋಥೆರಪಿಸ್ಟ್, ಬಡಾವಣೆಯ ಮೆಡಿಕಲ್ ಶಾಪಿನವರು, ಹಿಂದೆ ಹೀಗೇ ಯಾರನ್ನೋ ನೋಡಿಕೊಂಡಿದ್ದ ಪಕ್ಕದ ಬೀದಿಯ ಮನೆಯವರು. ಇವರಿಗೆಲ್ಲ ಒಂದು ಮಾತು ಹೇಳಿಡಿ. ನಮಗೆ ಆ ಅಕ್ಕನ ವಿಷಯ ಹೇಳಿದ್ದು ಫಿಸಿಯೋಥೆರಪಿಗೆ ಬರುತ್ತಿದ್ದ ಹುಡುಗ. ಅವನು ದಿನಕ್ಕೆ ಐದಾರು ಮನೆ ಸುತ್ತುತ್ತಾನೆ. ಯಾವ ಮನೆಯಲ್ಲಿ ರೋಗಿಯ ಬೆನ್ನು ಚೊಕ್ಕಟವಾಗಿದೆ, ಯಾವ ಮನೆಯಲ್ಲಿ ಇಲ್ಲ ಎಂದು ಅವನ ಕಣ್ಣಿಗೆ ಬೀಳುತ್ತದೆ.

ಸಿಕ್ಕ ಮೇಲೆ ಆಧಾರ್ ಪ್ರತಿ ಮತ್ತು ಫೋಟೋ ತೆಗೆದುಕೊಳ್ಳಿ. ಊರಿನಲ್ಲಿರುವ ಒಬ್ಬರ ನಂಬರ್ ಕೂಡ ಇರಲಿ. ಮನೆಗೆಲಸದವರ ಪೊಲೀಸ್ ಪರಿಶೀಲನೆಗೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಹಾಕುವ ಮುಂಚೆ ಅವರಿಗೆ ತಿಳಿಸಿ ಹಾಕಿ. "ಇದು ಎಲ್ಲರಿಗೂ ಮಾಡಿಸೋದೇ, ನಿಮ್ಮ ಮೇಲೆ ಅನುಮಾನ ಅಂತಲ್ಲ" ಎಂದು ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಕಾಗದಕ್ಕಿಂತ ದೊಡ್ಡ ಪರಿಶೀಲನೆ ಎಂದರೆ ಹಿಂದಿನ ಎರಡು ಮನೆಗಳಿಗೆ ನೀವೇ ಫೋನ್ ಮಾಡುವುದು. "ಚೆನ್ನಾಗಿ ನೋಡ್ಕೊಂಡ್ರಾ?" ಅಂದರೆ ಎಲ್ಲರೂ "ಹೂಂ" ಅನ್ನುತ್ತಾರೆ. ಹೀಗೆ ಕೇಳಿ ನೋಡಿ: ಎಷ್ಟು ತಿಂಗಳು ಇದ್ದರು, ಯಾಕೆ ಬಿಟ್ಟರು? ಹೇಳದೆ ರಜೆ ಹಾಕಿದ್ದು ಇದೆಯಾ? ರೋಗಿಗೆ ಕೋಪ ಬಂದಾಗ ಹೇಗೆ ನಡೆದುಕೊಂಡರು? ಬೆನ್ನಿಗೆ ಹುಣ್ಣು ಆಗಿತ್ತಾ? ಮತ್ತೆ ಬೇಕಾದರೆ ಇವರನ್ನೇ ಕರೀತೀರಾ? ಈ ಕೊನೆಯ ಪ್ರಶ್ನೆಗೆ ಉತ್ತರ ಬರುವ ಮೊದಲು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎನ್ನುವುದನ್ನು ಗಮನಿಸಿ.

ಐದನೇ ಹೆಜ್ಜೆ: ಖರ್ಚನ್ನು ಪೂರ್ತಿ ಲೆಕ್ಕ ಹಾಕಿ

ನಾವೇ ಹುಡುಕಿದವರು ಅಗ್ಗ ಎನ್ನುವ ಮಾತು ಅರ್ಧ ಮಾತ್ರ ನಿಜ. ಒಂದು ಉದಾಹರಣೆ ಮಾಡೋಣ. ಅಂಕಿಗಳು ಲೆಕ್ಕ ತೋರಿಸಲು ಮಾತ್ರ, ನಿಮ್ಮ ಊರಿನ ದರ ಹಾಕಿಕೊಂಡು ಮಾಡಿ.

ಏಜೆನ್ಸಿ ದಿನಕ್ಕೆ 1,000 ರೂಪಾಯಿ ಕೇಳುತ್ತದೆ ಅಂದುಕೊಳ್ಳಿ. 30 ದಿನಕ್ಕೆ 30,000. ನೀವೇ ಹುಡುಕಿದವರು ತಿಂಗಳಿಗೆ 22,000 ಕೇಳುತ್ತಾರೆ. ಮೇಲ್ನೋಟಕ್ಕೆ 8,000 ಉಳಿತಾಯ. ಆದರೆ ಅವರಿಗೆ ತಿಂಗಳಿಗೆ ನಾಲ್ಕು ದಿನ ರಜೆ ಕೊಡಬೇಕಲ್ವಾ? ಆ ನಾಲ್ಕು ದಿನಕ್ಕೆ ಬದಲಿಯವರನ್ನು ದಿನಕ್ಕೆ 1,200ರಂತೆ ಕರೆಸಿದರೆ 4,800. ವರ್ಷಕ್ಕೊಮ್ಮೆ ಒಂದು ತಿಂಗಳ ಬೋನಸ್ ಕೊಡುವುದಾದರೆ ತಿಂಗಳಿಗೆ ಸುಮಾರು 1,800 ಎತ್ತಿಡಬೇಕು. ಒಟ್ಟು 28,600. ಉಳಿತಾಯ 1,400ಕ್ಕೆ ಇಳಿಯಿತು. ವಾರದ ಆ ಒಂದು ದಿನ ನೀವೇ ಅಥವಾ ನಿಮ್ಮ ತಮ್ಮನೋ ತಂಗಿಯೋ ನೋಡಿಕೊಂಡರೆ ಮಾತ್ರ ನಿಜವಾದ ಉಳಿತಾಯ.

ಏಜೆನ್ಸಿ ಕಡೆಯೂ ಮರೆಯಾಗಿರುವ ಖರ್ಚುಗಳಿವೆ. ನೋಂದಣಿ ಶುಲ್ಕ, ಹಬ್ಬದ ದಿನದ ಹೆಚ್ಚುವರಿ, ಭಾರ ಜಾಸ್ತಿ ಇರುವ ರೋಗಿಗೆ ಹೆಚ್ಚುವರಿ, ಜಿಎಸ್‌ಟಿ. "ಎಲ್ಲಾ ಸೇರಿ ತಿಂಗಳಿಗೆ ಎಷ್ಟು ಬಿಲ್ ಬರುತ್ತೆ?" ಎಂದು ಒಂದೇ ಅಂಕಿ ಕೇಳಿ. ಊಟ, ತಿಂಡಿ, ಕಾಫಿ ಎರಡು ಕಡೆಯೂ ನಿಮ್ಮದೇ. ಆರೋಗ್ಯ ವಿಮೆಯಲ್ಲಿ ಸಾಮಾನ್ಯವಾಗಿ ಅಟೆಂಡರ್ ಖರ್ಚು ಬರುವುದಿಲ್ಲ. ಅದನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ.

ಕರ್ನಾಟಕದಲ್ಲಿ ಮನೆಗೆಲಸವೂ ಕನಿಷ್ಠ ಕೂಲಿಯ ಪಟ್ಟಿಯಲ್ಲಿದೆ. ಚೌಕಾಸಿ ಮಾಡುವಾಗ ಇದು ತಲೆಯಲ್ಲಿರಲಿ. ಹಗಲೂ ರಾತ್ರಿ ಜೊತೆಗಿದ್ದು ನಮ್ಮ ತಾಯಿಯ ಮಲ ಮೂತ್ರ ಬಳಿಯುವವರ ಹತ್ತಿರ ಐನೂರು ರೂಪಾಯಿಗೆ ಚೌಕಾಸಿ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಹಣ ಕಟ್ಟುವ ಮುನ್ನ ಇನ್ನೊಂದು ಮಾತು. ಕಾಯಿಲೆ ಕೊನೆ ಹಂತದ ಕ್ಯಾನ್ಸರ್ ಆಗಿದ್ದರೆ ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಯನ್ನು ಮೊದಲು ವಿಚಾರಿಸಿ. ಅಲ್ಲಿ ಉಚಿತವಾಗಿ ನೋಡಿಕೊಳ್ಳುತ್ತಾರೆ, ಅವರ ತಂಡ ಮನೆಗೆ ಬರುವ ವ್ಯವಸ್ಥೆಯೂ ಇದೆ. ನೋವು ಕಡಿಮೆ ಮಾಡುವುದು ಅವರಿಗೆ ಗೊತ್ತಿರುವಷ್ಟು ಸಾಮಾನ್ಯ ಅಟೆಂಡರ್‌ಗೆ ಗೊತ್ತಿರುವುದಿಲ್ಲ.

ಆರನೇ ಹೆಜ್ಜೆ: ನಿಮ್ಮ ಮನೆಗೆ ಯಾವುದು ಹೊಂದುತ್ತದೆ

ಮಂಡಿ ಅಥವಾ ಸೊಂಟದ ಆಪರೇಷನ್ ಆಗಿ ನಾಲ್ಕೈದು ವಾರದ ಮಟ್ಟಿಗೆ ಮಾತ್ರ ಬೇಕಿದ್ದರೆ ಏಜೆನ್ಸಿಯೇ ಸರಿ. ಅಷ್ಟು ಕಡಿಮೆ ದಿನಕ್ಕೆ ಒಳ್ಳೆಯವರನ್ನು ಹುಡುಕಿ, ನಂಬಿಸಿ ಕರೆತರಲು ಆಗುವುದಿಲ್ಲ. ನರ್ಸಿಂಗ್ ಕೆಲಸ ದಿನವೂ ಇದ್ದರೂ ಏಜೆನ್ಸಿಯೇ ಸರಿ, ಅದೂ ಮೇಲ್ವಿಚಾರಣೆ ಇರುವಂಥದ್ದು.

ಮರೆವಿನ ಕಾಯಿಲೆ ಇರುವವರ ವಿಷಯ ಬೇರೆ. ಅವರಿಗೆ ಮುಖ ಬದಲಾದರೆ ದಿನವೇ ಕೆಡುತ್ತದೆ. ಹೊಸಬರು ಮೈ ಮುಟ್ಟಿದರೆ ಹೆದರಿ ಕೂಗುತ್ತಾರೆ, ಹೊಡೆಯಲೂ ಹೋಗುತ್ತಾರೆ. ಇಲ್ಲಿ ತಿಂಗಳಿಗೆ ಮೂರು ಜನರನ್ನು ಬದಲಿಸುವ ಏಜೆನ್ಸಿಯಿಂದ ಕಷ್ಟವೇ ಜಾಸ್ತಿ. ವರ್ಷಗಟ್ಟಲೆ ಒಬ್ಬರೇ ಇರುವಂತೆ ನೋಡಿಕೊಳ್ಳಿ. ನೀವೇ ಹುಡುಕಿದವರಾದರೆ ಬಹಳ ಒಳ್ಳೆಯದು. ಏಜೆನ್ಸಿಯಾದರೆ "ಇವರನ್ನೇ ಕಳಿಸಬೇಕು, ರಜೆಗೂ ಗೊತ್ತಿರುವ ಒಬ್ಬರೇ ಬರಬೇಕು" ಎಂದು ಮೊದಲೇ ಮಾತಾಡಿ.

ಮಕ್ಕಳು ಅಮೆರಿಕದಲ್ಲೋ ದುಬೈಯಲ್ಲೋ ಇದ್ದು, ಮೈಸೂರಿನಲ್ಲೋ ಧಾರವಾಡದಲ್ಲೋ ಅಪ್ಪ ಅಮ್ಮ ಇಬ್ಬರೇ ಇದ್ದರೆ ನಾನು ಏಜೆನ್ಸಿ ಕಡೆಗೇ ವಾಲುತ್ತೇನೆ. ಬೆಳಿಗ್ಗೆ ಯಾರೂ ಬರದಿದ್ದರೆ ಅಲ್ಲಿಂದ ಬಂದು ನಿಲ್ಲಲು ನಿಮಗೆ ಆಗುವುದಿಲ್ಲ. ಆದರೆ ಏಜೆನ್ಸಿ ಕಳಿಸುವ ವರದಿಯನ್ನಷ್ಟೇ ನಂಬಿ ಕೂರಬೇಡಿ. ಊರಲ್ಲಿರುವ ಚಿಕ್ಕಪ್ಪನೋ ಅತ್ತಿಗೆಯೋ ಗೆಳೆಯನೋ ವಾರಕ್ಕೊಮ್ಮೆ, ಹೇಳದೆ ಕೇಳದೆ, ಹೋಗಿ ಬರಲಿ. ಬೆನ್ನು ನೋಡಲಿ, ಮಾತ್ರೆ ಡಬ್ಬಿ ನೋಡಲಿ, ಅಡುಗೆಮನೆಯನ್ನೂ ನೋಡಲಿ.

ಸಣ್ಣ ಊರುಗಳಲ್ಲಿ ಆಯ್ಕೆಯೇ ಇರುವುದಿಲ್ಲ. ತಾಲ್ಲೂಕು ಕೇಂದ್ರದಲ್ಲಿ ಮೇಲ್ವಿಚಾರಣೆ ಮಾಡುವ ಏಜೆನ್ಸಿ ಸಿಗುವುದು ಅಪರೂಪ. ಅಲ್ಲಿ ಊರಿನವರನ್ನೇ ಒಬ್ಬರನ್ನು ಆರಿಸಿ, ಡಿಸ್ಚಾರ್ಜ್‌ಗೆ ಎರಡು ದಿನ ಮುಂಚೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಗ್ಗುಲು ಬದಲಿಸುವುದು, ಪೈಪಿನಲ್ಲಿ ಊಟ ಕೊಡುವುದು, ಗಾಲಿಕುರ್ಚಿಗೆ ಕೂರಿಸುವುದನ್ನು ವಾರ್ಡಿನ ಸಿಸ್ಟರ್ ಕೈಯಲ್ಲಿ ಹೇಳಿಸಿಕೊಡಿ. ಆಗ ನೀವೂ ಪಕ್ಕದಲ್ಲಿ ನಿಂತು ಕಲಿಯಿರಿ.

ಏಜೆನ್ಸಿಯಿಂದ ಬಂದವರೇ ತುಂಬಾ ಇಷ್ಟವಾಗಿ, "ನೇರವಾಗಿ ನಮ್ಮ ಮನೆಗೇ ಬಂದುಬಿಡಿ" ಅನ್ನಿಸುವುದುಂಟು. ಒಪ್ಪಂದದಲ್ಲಿ ಹಾಗೆ ಮಾಡಬಾರದು ಎಂಬ ಷರತ್ತು ಇರುತ್ತದೆಯೇ ನೋಡಿ. ಇದ್ದರೆ ಏಜೆನ್ಸಿಯ ಜೊತೆ ಮಾತಾಡಿ, ಕೊಡಬೇಕಾದ್ದು ಕೊಟ್ಟು ಬಿಡಿಸಿಕೊಳ್ಳಿ. ಕದ್ದುಮುಚ್ಚಿ ಮಾಡಿದರೆ ತೊಂದರೆ ಬರುವುದು ನಿಮಗಿಂತ ಹೆಚ್ಚಾಗಿ ಆ ಹೆಣ್ಣುಮಗಳಿಗೆ. ಅವರಿಗೆ ಮುಂದೆ ಆ ಕಡೆ ಕೆಲಸ ಸಿಗದಂತೆ ಆಗಬಹುದು.

ಏಳನೇ ಹೆಜ್ಜೆ: ಮೊದಲ ವಾರ ಪರೀಕ್ಷೆಯ ವಾರ

ಏಜೆನ್ಸಿಯವರಾಗಲಿ, ನಿಮ್ಮವರೇ ಆಗಲಿ, ಒಂದು ವಾರ ನೋಡಿ ಆಮೇಲೆ ನಿರ್ಧರಿಸೋಣ ಎಂದು ಮೊದಲೇ ಹೇಳಿ. ಸಾಧ್ಯವಾದರೆ ಆ ವಾರ ರಜೆ ಹಾಕಿ ಮನೆಯಲ್ಲಿರಿ. ತಪ್ಪು ಹುಡುಕುವುದಕ್ಕಲ್ಲ, ನಿಮ್ಮ ಮನೆಯವರ ಸ್ವಭಾವ ಅವರಿಗೆ ಅರ್ಥವಾಗಲು ಒಬ್ಬರು ಜೊತೆಗಿರಬೇಕು.

ಏನು ನೋಡಬೇಕು? ಡೈಪರ್ ಬದಲಿಸಿ ಊಟ ಕೊಡುವ ಮೊದಲು ಸೋಪು ಹಾಕಿ ಕೈ ತೊಳೆಯುತ್ತಾರಾ? ಮೈ ಮುಟ್ಟುವ ಮುಂಚೆ "ಅಮ್ಮ, ಈ ಕಡೆ ತಿರುಗಿಸ್ತೀನಿ" ಎಂದು ಹೇಳುತ್ತಾರಾ, ಸುಮ್ನೆ ಎಳೆದು ಹೊರಳಿಸುತ್ತಾರಾ? ಬಟ್ಟೆ ಬದಲಿಸುವಾಗ ಬಾಗಿಲು ಹಾಕುತ್ತಾರಾ? ಊಟ ಕೊಡುವಾಗ ತಲೆಯ ಕಡೆ ಎತ್ತರಿಸುತ್ತಾರಾ? ಮೂಗಿನ ಪೈಪಿನಲ್ಲಿ ಊಟ ಕೊಟ್ಟ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೇ ಎತ್ತರದಲ್ಲಿ ಇರಿಸಬೇಕು. ಕೂಡಲೇ ಮಲಗಿಸಿದರೆ ಊಟ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಇದೆ. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬಾಲಮೂಳೆ, ಸೊಂಟದ ಪಕ್ಕ, ಹಿಮ್ಮಡಿ, ಈ ಮೂರು ಕಡೆ ದಿನಕ್ಕೊಮ್ಮೆ ನೀವೇ ನೋಡಿ. ಒತ್ತಿದರೂ ಹೋಗದ ಕೆಂಪು ಅಥವಾ ಕಪ್ಪು ಬಣ್ಣ ಕಂಡರೆ ಹುಣ್ಣು ಶುರುವಾಗುತ್ತಿದೆ ಎಂದರ್ಥ. ಅದೇ ದಿನ ಡಾಕ್ಟರಿಗೆ ತಿಳಿಸಿ.

ಎಲ್ಲಕ್ಕಿಂತ ಮುಖ್ಯವಾಗಿ ಹಿರಿಯರ ಮುಖ ನೋಡಿ. ಅಮ್ಮನಿಗೆ ಮಾತು ಬರುತ್ತಿರಲಿಲ್ಲ. ಆದರೆ ನೋಡಿಕೊಳ್ಳಲು ಮೂರನೆಯವರಾಗಿ ಬಂದವರು ಕೋಣೆಗೆ ಕಾಲಿಟ್ಟರೆ ಅಮ್ಮನ ಎಡಗೈ ಹೊದಿಕೆಯನ್ನು ಗಟ್ಟಿಯಾಗಿ ಹಿಡಿಯುತ್ತಿತ್ತು. ನನಗೆ ಅದು ಅರ್ಥವಾಗಲು ಒಂಬತ್ತು ದಿನ ಬೇಕಾಯಿತು. ನೀವು ಅಷ್ಟು ತಡ ಮಾಡಬೇಡಿ.

ಕ್ಯಾಮೆರಾ ಹಾಕುವುದಾದರೆ ಮನೆಯ ಹಾಲ್‌ನಲ್ಲಿ ಅಥವಾ ರೋಗಿಯ ಮಂಚದ ಕಡೆಗೆ ಮಾತ್ರ ಹಾಕಿ, ಅದೂ ಹೇಳಿ ಹಾಕಿ. ಬಚ್ಚಲಲ್ಲಿ, ಅವರು ಮಲಗುವ ಅಥವಾ ಬಟ್ಟೆ ಬದಲಿಸುವ ಜಾಗದಲ್ಲಿ ಬೇಡವೇ ಬೇಡ. ಒಡವೆ, ಎಟಿಎಂ ಕಾರ್ಡ್, ಚೆಕ್ ಬುಕ್ ಬೀಗದಲ್ಲಿರಲಿ. ಕಳ್ಳತನದ ಭಯಕ್ಕಿಂತ, ಏನಾದರೂ ಎಲ್ಲೋ ಇಟ್ಟು ಮರೆತಾಗ ಅವರ ಮೇಲೆ ಅನುಮಾನ ಬೀಳದಿರಲಿ ಎಂಬುದಕ್ಕಾಗಿ.

ಎಂಟನೇ ಹೆಜ್ಜೆ: ಮಾತುಕತೆಯನ್ನು ಒಂದು ಹಾಳೆಯಲ್ಲಿ ಬರೆದಿಡಿ

ನೀವೇ ಹುಡುಕಿದವರಾದರೆ ಇದು ಬೇಕೇ ಬೇಕು. ಸ್ಟ್ಯಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು. ಕನ್ನಡದಲ್ಲಿ ಬರೆದು, ಓದಿ ಹೇಳಿ, ಇಬ್ಬರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಳ್ಳಿ.

ಅದರಲ್ಲಿ ಇರಬೇಕಾದ್ದು: ಕೆಲಸ ಶುರುವಾದ ದಿನ, ಸಂಬಳ ಎಷ್ಟು, ಯಾವ ತಾರೀಖಿಗೆ. ಕೆಲಸ ಏನೇನು, ಏನು ಅಲ್ಲ. ರೋಗಿಯ ಬಟ್ಟೆ ಒಗೆಯುವುದು ಅವರ ಕೆಲಸ, ಮನೆಮಂದಿಯೆಲ್ಲರ ಪಾತ್ರೆ ತೊಳೆಯುವುದು ಅಲ್ಲ. ಒಳ್ಳೊಳ್ಳೆ ಅಟೆಂಡರ್‌ಗಳು ಬಿಟ್ಟು ಹೋಗುವುದು ಹೀಗೇ. ಮೊದಲು "ಒಂಚೂರು ಕಸ ಗುಡಿಸಿ" ಅನ್ನುತ್ತೇವೆ, ಆಮೇಲೆ ಅಡುಗೆ, ಆಮೇಲೆ ಮಕ್ಕಳನ್ನು ಶಾಲೆ ಬಸ್ಸಿಗೆ ಬಿಡುವುದು. ವಾರದ ರಜೆ ಯಾವ ದಿನ. ದಿನಕ್ಕೆ ಎಷ್ಟು ಹೊತ್ತು ಬಿಡುವು. ಎಲ್ಲಿ ಮಲಗುತ್ತಾರೆ. ಕೆಲಸ ಬಿಡುವುದಾದರೆ ಅಥವಾ ಬಿಡಿಸುವುದಾದರೆ ಎಷ್ಟು ದಿನ ಮುಂಚೆ ಹೇಳಬೇಕು. 15 ದಿನ ಇಬ್ಬರಿಗೂ ಅನುಕೂಲ.

ಹಬ್ಬಗಳ ರಜೆಯನ್ನು ಪ್ರತ್ಯೇಕವಾಗಿ ಬರೆಯಿರಿ. ಯುಗಾದಿ, ದಸರಾ, ಅವರ ಊರ ಜಾತ್ರೆ, ಚುನಾವಣೆ ಬಂದಾಗ ಎಲ್ಲರೂ ಒಟ್ಟಿಗೆ ಊರಿಗೆ ಹೋಗುತ್ತಾರೆ. ಏಜೆನ್ಸಿಗಳಲ್ಲೂ ಆಗ ಜನ ಸಿಗುವುದಿಲ್ಲ. ಊರ ಜಾತ್ರೆ ಯಾವಾಗ ಎಂದು ಮೊದಲ ದಿನವೇ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನಗಳಿಗೆ ಮನೆಯವರು ಯಾರು ರಜೆ ಹಾಕುತ್ತಾರೆ ಎಂದು ಆಗಲೇ ತೀರ್ಮಾನ ಮಾಡಿಕೊಳ್ಳಿ.

ಸಂಬಳ ಬ್ಯಾಂಕಿಗೆ ಅಥವಾ ಯುಪಿಐ ಮೂಲಕ ಹೋಗಲಿ, ಲೆಕ್ಕ ಉಳಿಯುತ್ತದೆ. ಅವರ ಖಾತೆಯಿಂದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ವರ್ಷಕ್ಕೆ 20 ರೂಪಾಯಿ ಮಾತ್ರ, ಅಪಘಾತದ ಸಾವು ಅಥವಾ ಪೂರ್ತಿ ಅಂಗವಿಕಲತೆಗೆ 2 ಲಕ್ಷ. 18ರಿಂದ 70 ವರ್ಷದವರು ಮಾಡಿಸಬಹುದು. ಅಸಂಘಟಿತ ಕಾರ್ಮಿಕರ ನೋಂದಣಿಯ ಇ-ಶ್ರಮ್ ಕಾರ್ಡ್ ಇಲ್ಲದಿದ್ದರೆ ಅದನ್ನೂ ಒಂದು ದಿನ ಕೂತು ಮಾಡಿಸಿಕೊಡಿ. ಏಜೆನ್ಸಿ ನೌಕರರಿಗೆ ಇಎಸ್‌ಐ ಇರಬಹುದು. ಇವರಿಗೆ ನೀವು ಮಾಡಿಸಿದ್ದಷ್ಟೇ ಇರುವುದು.

ಇನ್ನೊಂದು ವಿಷಯ ಹೇಳಲು ಮುಜುಗರ, ಆದರೆ ಹೇಳಲೇಬೇಕು. ಕೆಲವು ಮನೆಗಳಲ್ಲಿ ರೋಗಿಯೇ, ಅಥವಾ ಮನೆಯ ಗಂಡಸರು, ನೋಡಿಕೊಳ್ಳುವ ಹೆಂಗಸಿನ ಜೊತೆ ಕೆಟ್ಟದಾಗಿ ನಡೆದುಕೊಳ್ಳುತ್ತಾರೆ. ಮರೆವಿನ ಕಾಯಿಲೆಯಲ್ಲಿ ಇದು ರೋಗಿಗೆ ಗೊತ್ತಿಲ್ಲದೆಯೂ ಆಗುತ್ತದೆ. "ಹಾಗೇನಾದರೂ ಆದರೆ ನನ್ನ ಹತ್ತಿರ ಹೇಳಿ, ನಾನು ನಿಮ್ಮ ಮಾತು ನಂಬುತ್ತೇನೆ" ಎಂದು ಮೊದಲೇ ಹೇಳಿಡಿ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮನೆಗೆಲಸದವರಿಗೂ ಅನ್ವಯಿಸುತ್ತದೆ. ಗಂಡಸು ರೋಗಿಗೆ ಗಂಡಸು ಅಟೆಂಡರ್ ಸಿಕ್ಕರೆ ಅದನ್ನೇ ಆರಿಸಿ. ಎತ್ತಿ ಇಳಿಸಲೂ ಅನುಕೂಲ.

ಒಂಬತ್ತನೇ ಹೆಜ್ಜೆ: ಪುಸ್ತಕ, ನಂಬರು, ಬದಲಿ

ಮಂಚದ ಪಕ್ಕ ಒಂದು ಪುಸ್ತಕ ಇರಲಿ. ಬಿಪಿ, ಶುಗರ್, ಊಟ ಎಷ್ಟು ಹೋಯಿತು, ಮೂತ್ರ, ಮಲ, ಕೊಟ್ಟ ಮಾತ್ರೆ, ಮಗ್ಗುಲು ಬದಲಿಸಿದ ಸಮಯ. ಹೊಸಬರು ಬಂದ ದಿನ ಈ ಪುಸ್ತಕ ಅರ್ಧ ಕೆಲಸ ಮಾಡುತ್ತದೆ. ಅಕ್ಷರ ಬಾರದವರಿಗೆ ಗೀಟು ಹಾಕುವ ಚಾರ್ಟ್ ಮಾಡಿಕೊಡಿ. ನಮ್ಮ ಅಕ್ಕನಿಗೆ ಓದು ಬರುತ್ತಿರಲಿಲ್ಲ. ಸೂರ್ಯ, ಚಂದ್ರನ ಚಿತ್ರ ಬರೆದ ಮಾತ್ರೆ ಡಬ್ಬಿ ಮಾಡಿಕೊಟ್ಟಿದ್ದೆವು. ಎರಡೂವರೆ ವರ್ಷದಲ್ಲಿ ಒಂದು ಮಾತ್ರೆಯೂ ತಪ್ಪಲಿಲ್ಲ.

ಫ್ರಿಜ್ ಮೇಲೆ ನಂಬರುಗಳನ್ನು ಅಂಟಿಸಿ. ಆಂಬುಲೆನ್ಸ್ 108, ತುರ್ತು ಸಹಾಯಕ್ಕೆ 112, ನಿಮ್ಮ ಡಾಕ್ಟರು, ಪಕ್ಕದ ಮನೆಯವರು. ಹಿರಿಯರ ಸಲಹೆ, ದೂರುಗಳಿಗೆ ದೇಶದ ಎಲ್ಲ ಕಡೆ 14567 ಎಲ್ಡರ್‌ಲೈನ್ ಇದೆ. ಬೆಂಗಳೂರಿನಲ್ಲಿ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಿಂದ ನಡೆಸುತ್ತಿರುವ 1090 ಇದೆ. ಮೈಮೇಲೆ ಕಾರಣ ಗೊತ್ತಾಗದ ಗಾಯ, ದಿನವಿಡೀ ಮಂಪರು, ಮುಟ್ಟಿದರೆ ಬೆದರುವುದು ಕಂಡರೆ ಮೊದಲು ಆ ವ್ಯಕ್ತಿಯನ್ನು ರೋಗಿಯಿಂದ ದೂರ ಇರಿಸಿ. ಫೋಟೋ ತೆಗೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ. ಏಜೆನ್ಸಿಗೆ ಬರಹದಲ್ಲಿ ದೂರು ಕೊಡಿ. "ಬೇರೆಯವರನ್ನು ಕಳಿಸ್ತೀವಿ ಬಿಡಿ" ಎಂಬ ಮಾತಿಗೆ ಸುಮ್ಮನಾಗಬೇಡಿ. ಅವರು ನಾಳೆ ಇನ್ನೊಬ್ಬರ ಮನೆಗೆ ಹೋಗುತ್ತಾರೆ. ಪೊಲೀಸರಿಗೂ ತಿಳಿಸಿ.

ಬದಲಿಯ ವ್ಯವಸ್ಥೆ ಮೂರು ಹಂತದಲ್ಲಿರಲಿ. ನೀವೇ ಹುಡುಕಿದವರಿದ್ದರೂ ಒಂದು ಏಜೆನ್ಸಿಯಲ್ಲಿ ಮೊದಲೇ ಮಾತಾಡಿ ಇಡಿ. ಏಜೆನ್ಸಿಯವರೇ ಇದ್ದರೆ ಹತ್ತಿರದ ಒಬ್ಬ ಅಟೆಂಡರ್‌ನ ಪರಿಚಯ ಇರಲಿ. ಎರಡೂ ಕೈಕೊಟ್ಟರೆ ಮನೆಯಲ್ಲಿ ಇಬ್ಬರಿಗಾದರೂ ಎಲ್ಲ ಕೆಲಸ ಬರಬೇಕು. ಗಂಡುಮಕ್ಕಳಿಗೂ ಕಲಿಸಿ. ನನ್ನ ಅಣ್ಣ ಡೈಪರ್ ಬದಲಿಸುವುದನ್ನು ಕಲಿತ ಮೇಲೆ ನಮ್ಮ ಮನೆಯ ಭಾನುವಾರಗಳೇ ಬದಲಾದವು. ಅಕ್ಕನಿಗೆ ರಜೆ ಸಿಕ್ಕಿತು, ನನಗೆ ನಿದ್ದೆ ಸಿಕ್ಕಿತು. ನಿಮಗೇ ತೀರಾ ಸಾಕಾಗಿ ಹೋದರೆ, ಅಳು ನಿಲ್ಲದಿದ್ದರೆ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡಬಹುದು.

ಕೊನೆಯ ಹೆಜ್ಜೆ: ಕೆಲಸ ಮುಗಿಯುವ ದಿನ

ಈ ಭಾಗವನ್ನು ಯಾರೂ ಮೊದಲೇ ಯೋಚಿಸುವುದಿಲ್ಲ. ಹಿರಿಯರು ಚೇತರಿಸಿಕೊಂಡರೆ ಎಲ್ಲರಿಗೂ ಸಂತೋಷ, ಮುಂಚೆಯೇ ಹೇಳಿ ನಿಲ್ಲಿಸಬಹುದು. ತೀರಿಕೊಂಡರೆ ಅದೇ ದಿನ ನೋಡಿಕೊಳ್ಳುವವರ ಕೆಲಸವೂ ಹೋಗುತ್ತದೆ. ಏಜೆನ್ಸಿಯಾದರೆ ಮುಂದಿನ ವಾರ ಬೇರೆ ಮನೆಗೆ ಕಳಿಸಬಹುದು. ನೀವೇ ಇಟ್ಟುಕೊಂಡವರಿಗೆ ಆ ಅನುಕೂಲ ಇಲ್ಲ. ಆದ್ದರಿಂದ ಮೊದಲಿನಿಂದಲೂ ಅವರ ಒಂದು ತಿಂಗಳ ಸಂಬಳವನ್ನು ಬೇರೆ ತೆಗೆದಿಡಿ. ಆ ದಿನ ಬಂದಾಗ ಅವರು ಕೇಳುವ ಮುಂಚೆ ಕೊಡಿ. ಮುಂಗಡ ಕೊಟ್ಟಿದ್ದರೆ ಅದನ್ನು ಆ ಹೊತ್ತಿನಲ್ಲಿ ಲೆಕ್ಕಕ್ಕೆ ಹಿಡಿಯಬೇಡಿ. ಅಮ್ಮ ಹೋದ ದಿನ ನಮ್ಮ ಅಕ್ಕ ನಮ್ಮೆಲ್ಲರಷ್ಟೇ ಅತ್ತರು. ಹದಿಮೂರನೇ ದಿನದವರೆಗೂ ನಮ್ಮ ಜೊತೆಗೇ ಇದ್ದರು.

ಅವರಿಗೆ ಒಂದು ಪತ್ರ ಬರೆದುಕೊಡಿ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಇದ್ದರು, ಯಾವ ಕಾಯಿಲೆಯವರನ್ನು ನೋಡಿಕೊಂಡರು, ಯಾವ ಕೆಲಸ ಚೆನ್ನಾಗಿ ಬರುತ್ತದೆ, ಕೆಳಗೆ ನಿಮ್ಮ ಫೋನ್ ನಂಬರ್. ಅದನ್ನು ಅವರ ಮೊಬೈಲಿನಲ್ಲಿ ಫೋಟೋ ತೆಗೆದೂ ಇಡಿ. ಮುಂದೊಂದು ದಿನ ಯಾರೋ ಫೋನ್ ಮಾಡಿ, ಎಷ್ಟು ತಿಂಗಳು ಇದ್ದರು, ಮತ್ತೆ ಬೇಕಾದರೆ ಇವರನ್ನೇ ಕರೀತೀರಾ ಎಂದು ಕೇಳುತ್ತಾರೆ. ಆಗ ಎಷ್ಟೇ ಕೆಲಸವಿದ್ದರೂ ಫೋನ್ ಎತ್ತಿ ಮಾತಾಡಿ.